ಬಿಸಿನೀರಿನ ಸಾಲು

ನಮ್ಮಕ್ಕನ ಮಗು ಬದುಕಿದ್ದು ಆರು ಗಂಟೆ ಹೊತ್ತು. ಬೆಳಿಗ್ಗೆ ಆರಕ್ಕೆ ಹುಟ್ಟಿತು, ಮಧ್ಯಾಹ್ನ ಹನ್ನೆರಡಕ್ಕೆ ಹೋಯಿತು. ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಆ ಮನೆಗೆ ಕಾಲಿಟ್ಟ ದಿನದಿಂದ ಅಕ್ಕ ಅಂತಲೇ ಕರೆದೆ. ಮೂವತ್ತು ವರ್ಷ ಒಂದೇ ಪ್ರೆಸ್ಸಿನಲ್ಲಿ ಒಂದೇ ಮೇಜಿಗೆ ಎದುರುಬದುರು ಕೂತೆವು. ಓರಗಿತ್ತಿಯರು ಮೂವತ್ತು ವರ್ಷ ಎದುರುಬದುರು ಕೂತು ಜಗಳವಾಡಿಲ್ಲ ಅಂದರೆ ಯಾರೂ ನಂಬಲ್ಲ. ಎರಡು ಕೈ ಸೇರಿದರೆ ತಾನೇ ಚಪ್ಪಾಳೆ? ನನ್ನ ಒಂದು ಕೈ ಎಷ್ಟು ಬೀಸಿದರೂ ಅವಳ ಕೈ ಮೇಲೇಳುತ್ತಲೇ ಇರಲಿಲ್ಲ.

ಮಗು ಉಳಿಯಲ್ಲ ಅಂತ ಡಾಕ್ಟರು ಮೊದಲೇ ಹೇಳಿ, ಅದನ್ನು ತಾಯಿಯ ಪಕ್ಕದಲ್ಲೇ ಮಲಗಿಸಿದ್ದರು. ಭಾವ ಪಾದ್ರಿಗಳನ್ನು ಕರೆತರೋಕೆ ಓಡಿದ್ದರು. ದೀಕ್ಷಾಸ್ನಾನ ಆಗದೆ ಮಗು ಹೋಗಬಾರದು ಅನ್ನೋದು ನಮ್ಮ ಚರ್ಚಿನ ಸಭೆಯವರ ಗಟ್ಟಿ ನಂಬಿಕೆ. ಪಾದ್ರಿಗಳು ಸಿಗದೆ ಹೋದರೆ, ಜೀವ ಹೋಗೋ ಹೊತ್ತಿನಲ್ಲಿ, ಯಾರು ಬೇಕಾದರೂ ನೀರು ಹೊಯ್ದು ದೀಕ್ಷಾಸ್ನಾನದ ನಾಲ್ಕು ಮಾತು ಹೇಳಬಹುದು. ಹನ್ನೊಂದೂವರೆಗೆ ಮಗುವಿನ ಉಸಿರು ಬದಲಾಯಿತು. ನಲ್ಲಿ ಇದ್ದದ್ದು ವರಾಂಡದ ಆ ತುದಿಯಲ್ಲಿ, ಅಕ್ಕನಿಗೆ ಎದ್ದು ಹೋಗೋ ಹಾಗಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಫ್ಲಾಸ್ಕ್ ಇತ್ತು. ಹಿಂದಿನ ದಿನ ಕಾಫಿ ತುಂಬಿದ್ದ ಫ್ಲಾಸ್ಕು, ಅವತ್ತು ಅದರಲ್ಲಿ ಕುಡಿಯೋಕೆ ಅಂತ ಬಿಸಿನೀರು. ಅದನ್ನೇ ಸುಡದಷ್ಟು ಆರಿಸಿ ಮಗುವಿನ ಹಣೆಗೆ ಮೂರು ಸಲ ಹೊಯ್ದು ಹೇಳಬೇಕಾದ್ದು ಹೇಳಿದಳು. ಭಾವ ಪಾದ್ರಿಗಳ ಜೊತೆ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. "ನೀರು ಹಾಕಿದೆಯಾಮ್ಮ?" ಅಂತ ಪಾದ್ರಿಗಳು ಕೇಳಿದರು. ಹೂಂ ಅಂದಳು. ಎಂಥ ನೀರು ಅಂತ ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಸಭೆಯ ರಿಜಿಸ್ಟರಿನಲ್ಲಿ ದೀಕ್ಷಾಸ್ನಾನ ಆಗಿದೆ ಅಂತ ಬರೆದುಕೊಂಡರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚಿಕ್ಕಂದಿನಲ್ಲಿ ಇವಳಿಗೆ ಭಾನುವಾರದ ಪಾಠ ಹೇಳಿದ ಟೀಚರಮ್ಮ ಒಬ್ಬರಿದ್ದರಂತೆ. ದೀಕ್ಷಾಸ್ನಾನಕ್ಕೆ ಶುದ್ಧ ತಣ್ಣೀರೇ ಆಗಬೇಕು, ಬೇರೆ ಯಾವುದೂ ಸಲ್ಲದು ಅಂತ ಮೇಜು ಕುಟ್ಟಿ ಹೇಳಿಕೊಟ್ಟಿದ್ದರಂತೆ. ಅದು ಇವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತ್ತು. ಕಾಫಿ ವಾಸನೆಯ ಬಿಸಿನೀರು ಸಲ್ಲುತ್ತೋ ಇಲ್ಲವೋ? ಸಲ್ಲದಿದ್ದರೆ ಮಗು ದೀಕ್ಷಾಸ್ನಾನ ಇಲ್ಲದೆ ಹಾಗೇ ಹೋಯಿತು. ಸಲ್ಲದಿದ್ದರೆ ರಿಜಿಸ್ಟರಿನಲ್ಲಿ ಇರೋದು ಸುಳ್ಳು, ಬರೆಸಿದವಳು ತಾನು. ಕಟ್ಟಿಕೊಂಡ ಗಂಡನಿಗೂ ಹೇಳದೆ ಇಪ್ಪತ್ತೆರಡು ವರ್ಷ ಇದನ್ನು ನುಂಗಿಕೊಂಡಿದ್ದಳು, ಮಹಾತಾಯಿ. ದಿನಾ ಒಂದೇ ಡಬ್ಬಿಯಲ್ಲಿ ಊಟ ಮಾಡೋ ನನಗೂ ಸುಳಿವು ಕೊಡಲಿಲ್ಲ. ಈಗ ನೆನೆದರೂ ನನಗೆ ಸಿಟ್ಟು ಬರುತ್ತೆ.

ನಮ್ಮದು ಸಭೆಯವರ ಪ್ರೆಸ್ಸು. ಮಷಿನ್ ರೂಮಿನ ಹಿಂದೆ ಒಂದು ಸಣ್ಣ ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿ ತೆಗೆದರೆ ಎದುರಿಗೆ ಗೋಡೆ. ಫ್ಯಾನ್ ಇತ್ತು, ಆದರೆ ಹಾಕೋ ಹಾಗಿಲ್ಲ, ಅಚ್ಚಿಗೆ ಮುಂಚೆ ತಪ್ಪು ನೋಡೋ ಪ್ರೂಫ್ ಹಾಳೆ ಹಾರುತ್ತೆ. ಮಷಿನ್ ಓಡಿದಾಗ ಮೇಜು ನಡುಗಿ, ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆ ಏಳುತ್ತಿದ್ದವು. ಅಲ್ಲಿ ನಮ್ಮ ಕೆಲಸ ಇಬ್ಬರ ಕೆಲಸ. ನಾನು ಮೂಲ ಬರಹ ಹಿಡಿದು ಗಟ್ಟಿಯಾಗಿ ಓದೋದು, ಅವಳು ಪ್ರೂಫಿನ ಮೇಲೆ ಪೆನ್ಸಿಲ್ ಇಟ್ಟು ಸಾಲು ಸಾಲಾಗಿ ನನ್ನ ಜೊತೆ ಬರೋದು. ನಾನು ಓದಿದ್ದು ಅಲ್ಲಿ ಇಲ್ಲದಿದ್ದರೆ, ಅಲ್ಲಿರೋದನ್ನು ನಾನು ಓದದಿದ್ದರೆ, ಪೆನ್ಸಿಲ್ ನಿಲ್ಲುತ್ತೆ. ಗಂಟೆಗಟ್ಟಲೆ ಅಲುಗಾಡದೆ ಕೂತು ಟಕ್ ಅಂತ ತಪ್ಪು ಹೆಕ್ಕುತ್ತಾಳೆ ಅಂತ ಮಷಿನ್ ರೂಮಿನವರು ಅವಳಿಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದರು. ನನಗೂ ಒಂದು ಹೆಸರು ಇಟ್ಟಿದ್ದರಂತೆ. ಕೇಳೋಕೆ ಹೋಗಲಿಲ್ಲ, ರೇಡಿಯೋ ಅಂತಲೇ ಇರಬೇಕು.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇದೆ. ಓದೋ ವಿಷಯಕ್ಕೆ ಮನಸ್ಸು ಕೊಡಬಾರದು. ಅರ್ಥದ ಬೆನ್ನು ಹತ್ತಿದರೆ ತಪ್ಪು ಕೈ ತಪ್ಪಿಸಿಕೊಂಡು ಹೋಗುತ್ತೆ. ಕರ್ತನ ಶಿಲುಬೆಯ ಮರಣವೇ ಇರಲಿ, ಸಭೆಯ ವಾರ್ಷಿಕ ವರದಿಯೇ ಇರಲಿ, ಒಂದೇ ಸ್ವರ, ಒಂದೇ ವೇಗ. ನನಗೆ ಇದನ್ನು ಕಲಿಯೋಕೆ ವರ್ಷ ಹಿಡಿಯಿತು. ಅಕ್ಕ ಮಗುವನ್ನು ಮಣ್ಣು ಮಾಡಿ ಮೂರನೇ ವಾರ ಕೆಲಸಕ್ಕೆ ಬಂದಳು, ಸೀರೆ ಸರಿಮಾಡಿಕೊಂಡು ಕೂತಳು, ಪೆನ್ಸಿಲ್ ಚೂಪು ಮಾಡಿಕೊಂಡಳು. ಮೊದಲ ಪುಟದಲ್ಲೇ ಏಳು ತಪ್ಪು ಹಿಡಿದಳು. ಕಲ್ಲೆದೆ ಅಂದರು ಜನ. ಅತ್ತೆ ತೀರಿಕೊಂಡಾಗಲೂ ಅಳಲಿಲ್ಲ, ಬಂದವರಿಗೆಲ್ಲ ಕಾಫಿ ಕಾಯಿಸಿ ಕೊಟ್ಟಳು. ಒಮ್ಮೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ, "ನಿನಗೆ ಏನೂ ಅನ್ನಿಸಲ್ವಾ ಅಕ್ಕ?"

"ಅನ್ನಿಸಲ್ಲ ಕಣೇ," ಅಂದಳು. "ಜೋಮು ಹಿಡಿದ ಕಾಲಿರುತ್ತಲ್ಲ, ಹಂಗೆ. ಇದೆ ಅಂತ ಗೊತ್ತು, ಅಷ್ಟೇ."

ಭಾವ ಒಳ್ಳೆಯವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಮಾತು ಕಡಿಮೆ. ಇಬ್ಬರೂ ಒಂದು ಮನೆಯಲ್ಲಿ ಒಳ್ಳೆ ಬಾಡಿಗೆದಾರರ ಹಾಗೆ ಇದ್ದರು. ಮತ್ತೆ ಮಕ್ಕಳಾಗಲಿಲ್ಲ. ಭಾನುವಾರ ತಪ್ಪದೆ ಆರಾಧನೆಗೆ ಬರೋಳು, ಬೇರೆಯವರ ಮಕ್ಕಳ ದೀಕ್ಷಾಸ್ನಾನ ಇದ್ದ ದಿನ ಮಾತ್ರ ತಲೆನೋವು ಅಂತ ಮನೆಯಲ್ಲೇ ಉಳಿಯೋಳು. ಇವಳಿಗೆ ಹೊಟ್ಟೆಕಿಚ್ಚು ಅಂದುಕೊಂಡೆ ನಾನು. ಥೂ, ನನ್ನ ಬುದ್ಧಿಗಿಷ್ಟು!

ಹೀಗಿರೋವಾಗ ಒಂದು ದಿನ ಮೇಷ್ಟ್ರ ಹಸ್ತಪ್ರತಿ ಬಂತು. ಮೇಷ್ಟ್ರು ಅಂದರೆ ಪಾದ್ರಿಗಳಾಗೋರಿಗೆ ಸಭೆಯ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಒಂದು ಕಿವಿ ಕೇಳಲ್ಲ, ಅಕ್ಷರ ಮಾತ್ರ ಮುತ್ತು. ಹದಿನೆಂಟು ವರ್ಷ ಕೂತು ಮೊದಮೊದಲ ಕ್ರೈಸ್ತರು ಬರೆದ, ಆದರೆ ಬೈಬಲಿನಲ್ಲಿ ಸೇರದೆ ಹೊರಗುಳಿದ ಹಳೇ ಬರಹಗಳನ್ನು ಕನ್ನಡಕ್ಕೆ ತಂದಿದ್ದರು. ಒಂದು ಊರಿನ ಸಭೆಯವರು ಕಚ್ಚಾಡುತ್ತಿದ್ದಾರೆ ಅಂತ ಇನ್ನೊಂದು ಊರಿನವರು ಬುದ್ಧಿ ಹೇಳಿ ಬರೆದ ಕಾಗದ, ನಂಬಿಕೆಗಾಗಿ ಮರಣದಂಡನೆಗೆ ಹೊರಟವರೊಬ್ಬರು ದಾರಿಯಲ್ಲಿ ಬರೆದ ಕಾಗದ, ಹೇಗೆ ಪ್ರಾರ್ಥಿಸಬೇಕು ಯಾವಾಗ ಉಪವಾಸ ಮಾಡಬೇಕು ಅನ್ನೋ ಸಣ್ಣ ಕೈಪಿಡಿ. ಆ ಕೈಪಿಡಿ ಬರೆದವರು ಯಾರು ಅಂತಲೂ ಗೊತ್ತಿಲ್ಲವಂತೆ.

ಮ್ಯಾನೇಜರು ಕಟ್ಟು ತಂದು ಮೇಜಿನ ಮೇಲೆ ಧೊಪ್ ಅಂತ ಹಾಕಿದರು. "ಒಂದೇ ಓದು ಸಾಕಮ್ಮ ಇದಕ್ಕೆ. ಬೈಬಲ್ ಏನಲ್ಲ." ನಮ್ಮಲ್ಲಿ ಅದೇ ಕ್ರಮ. ಬೈಬಲಿನ ಭಾಗವಾದರೆ ಮೂರು ಸಲ ಓದಬೇಕು, ಅಚ್ಚಾದ ಮೇಲೆ ಒಂದು ತಪ್ಪು ಸಿಕ್ಕರೂ ಆ ಹಾಳೆಗಳನ್ನೆಲ್ಲ ಹರಿದು ಮತ್ತೆ ಅಚ್ಚು ಹಾಕಬೇಕು. ಹಾಡಿನ ಪುಸ್ತಕಕ್ಕೆ ಎರಡು ಓದು. ಮಿಕ್ಕಿದ್ದಕ್ಕೆ ಒಂದು.

"ಒಳಗೆ ಸೇರಿಸಿಕೊಳ್ಳದೆ ಬಿಟ್ಟದ್ದನ್ನ ಈಗ ಓದಿ ಏನು ಮಾಡೋದು ಹೇಳಿ," ಅಂದರು ಮ್ಯಾನೇಜರು. "ಊಟಕ್ಕಿಲ್ಲದ ಉಪ್ಪಿನಕಾಯಿ."

ನಿಜ ಹೇಳಬೇಕು ಅಂದರೆ ನನಗೂ ಹಾಗೇ ಅನ್ನಿಸಿತ್ತು. ಆದರೆ ಓದ್ತಾ ಓದ್ತಾ ನಾನೇ ಕಟ್ಟುನಿಟ್ಟು ಮುರಿದು ಕಿವಿಗೊಟ್ಟುಬಿಟ್ಟೆ. ಆ ಕೈಪಿಡಿಯಲ್ಲಿ ಒಂದು ಕಡೆ, ಊರೂರು ತಿರುಗೋ ಬೋಧಕ ಮನೆಗೆ ಬಂದರೆ ಒಂದು ದಿನ ಇಟ್ಟುಕೊಳ್ಳಿ, ಬೇಕಾದರೆ ಎರಡು, ಮೂರನೇ ದಿನವೂ ಕದಲದಿದ್ದರೆ ಅವನು ಮೋಸಗಾರ ಅಂತಿದೆ! ನಾನು ಓದೋದು ನಿಲ್ಲಿಸಿ ನಕ್ಕೆ. "ಅಕ್ಕ, ಇದನ್ನ ಅಚ್ಚು ಹಾಕಿಸಿ ನಮ್ಮನೆ ಬಾಗಿಲಿಗೆ ಅಂಟಿಸಬೇಕು. ನನ್ನ ಸೋದರಮಾವ ಬಂದ್ರೆ ತಿಂಗಳು." ಅಕ್ಕ ನಗಲಿಲ್ಲ. "ಎಲ್ಲಿದ್ದೆ? ಮುಂದೆ ಓದು," ಅಂದಳು.

ಅದರ ಮರುದಿನ. ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ದೀಕ್ಷಾಸ್ನಾನ ಹೇಗೆ ಕೊಡಬೇಕು ಅನ್ನೋ ಭಾಗ ಓದುತ್ತಿದ್ದೆ. ಹರಿಯೋ ನೀರು ಸಿಗದಿದ್ದರೆ ಬೇರೆ ನೀರು ಆದೀತು, ತಣ್ಣೀರಿಗೆ ಅನುಕೂಲ ಇಲ್ಲದಿದ್ದರೆ ಬಿಸಿನೀರು ಆದೀತು, ನೀರೇ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ದರೆ ಸಾಕು, ಸುಮಾರಾಗಿ ಹೀಗಿತ್ತು. ನಾನು ಓದುತ್ತಾ ಉಪವಾಸದ ಭಾಗಕ್ಕೆ ಬಂದಿದ್ದೆ. ನೋಡುತ್ತೇನೆ, ಅಕ್ಕನ ಪೆನ್ಸಿಲ್ ಹಿಂದಿನ ಸಾಲಿನಲ್ಲೇ ನಿಂತಿದೆ.

"ಏನಾಯ್ತು?"

"ಹಿಂದೆ ಹೋಗು. ಆ ಬಿಸಿನೀರಿನ ಸಾಲು ಇನ್ನೊಂದು ಸಲ ಓದು."

ಓದಿದೆ.

"ಇಲ್ಲಿ ಅದು ಇಲ್ಲ," ಅಂದಳು.

ಬಗ್ಗಿ ನೋಡಿದೆ. ಮೇಷ್ಟ್ರ ಬರಹದಲ್ಲಿ ಒಂದರ ಕೆಳಗೊಂದು ಎರಡು ಸಾಲೂ "ಆದೀತು" ಅಂತಲೇ ಮುಗಿದಿದ್ದವು. ಟೈಪ್ ಮಾಡಿದಾಕೆಯ ಕಣ್ಣು ಮೇಲಿನ ಸಾಲಿನ ಕೊನೆಯಿಂದ ಕೆಳಗಿನ ಸಾಲಿನ ಕೊನೆಗೆ ಜಾರಿ, ಬಿಸಿನೀರಿನ ಸಾಲು ಪೂರ್ತಿ ಬಿಟ್ಟುಹೋಗಿತ್ತು. ನಮ್ಮ ಕೆಲಸದಲ್ಲಿ ವಾರಕ್ಕೆ ನಾಲ್ಕು ಸಲ ಸಿಗೋ ತಪ್ಪು ಅದು. ಅಕ್ಕ ಗುರುತು ಹಾಕಿ, ಅಂಚಿನಲ್ಲಿ ಆ ಸಾಲನ್ನು ಬರೆದಳು. ಅಕ್ಷರ ಎಂದಿನ ಹಾಗೇ ಇತ್ತು. "ಮುಂದೆ," ಅಂದಳು. ಊಟದ ಗಂಟೆ ಹೊಡೆಯೋವರೆಗೂ ಓದಿದೆವು.

ಡಬ್ಬಿ ತೆಗೆದು ಮೊದಲ ತುತ್ತು ಬಾಯಿಗಿಡೋವಾಗ ಹೇಳಿದಳು, ಆ ಫ್ಲಾಸ್ಕಿನ ಕಥೆ. ನಾನು ಮೇಲೆ ಹೇಳಿದ್ದೆಲ್ಲ ಗೊತ್ತಾದದ್ದು ಆಗಲೇ. ಪ್ರೂಫ್ ಓದೋ ಸ್ವರದಲ್ಲೇ, ಎಲ್ಲೂ ನಿಲ್ಲಿಸದೆ, ಮೊದಲಿಂದ ಕೊನೇವರೆಗೆ ಹೇಳಿದಳು. ನಾನು ಕೈಯಲ್ಲಿದ್ದ ತುತ್ತು ಡಬ್ಬಿಗೇ ಹಾಕಿದೆ.

"ಇಪ್ಪತ್ತೆರಡು ವರ್ಷ! ಒಂದು ಮಾತು ಕೇಳೋಕೇನಾಗಿತ್ತು ಪಾದ್ರಿಗಳನ್ನ? ಬಾಯಲ್ಲಿ ಏನು ಕಡುಬು ಇತ್ತಾ?"

"ಇಲ್ಲ ಅಂದುಬಿಟ್ರೆ?" ಅಂದಳು.

ಡಬ್ಬಿ ಅವಳ ಕಡೆ ಸರಿಸಿದೆ.

"ಹೋಗಲಿ, ಈಗ ಸಿಕ್ತಲ್ಲ ಅಕ್ಕ. ಆದೀತು ಅಂತ ಬರೆದಿದೆಯಲ್ಲ."

"ಬೈಬಲ್ ಅಲ್ವಲ್ಲ ಇದು," ಅಂದಳು. ಡಬ್ಬಿ ಮುಚ್ಚಿದಳು.

ಊಟ ಮುಗಿದ ಮೇಲೆ ಇಬ್ಬರೂ ಪ್ರೂಫ್ ತಗೊಂಡು ಮ್ಯಾನೇಜರ ಹತ್ತಿರ ಹೋದೆವು. ಆ ಪುಣ್ಯಾತ್ಮ ಏನು ಮಾಡಿದ್ದರು ಗೊತ್ತಾ? ಮಷಿನ್ ಖಾಲಿ ಇದೆ ಅಂತ ನಮ್ಮ ಓದು ಮುಗಿಯೋದನ್ನೂ ಕಾಯದೆ ಆ ಹದಿನಾರು ಪುಟಕ್ಕೆ ಅಚ್ಚು ಹಾಕೋ ಪ್ಲೇಟು ಮಾಡಿಸಿಬಿಟ್ಟಿದ್ದರು. "ಒಂದು ಸಾಲು ತಾನೇ? ಇರಲಿ ಬಿಡಿ. ಓದೋರು ಹೆಂಗಿದ್ರೂ ನಾಲ್ಕು ಜನ."

"ಪ್ಲೇಟು ಬೇರೆ ಮಾಡಿಸಿ," ಅಂದಳು ಅಕ್ಕ.

"ಬೈಬಲ್ ಆಗಿದ್ರೆ ನಾನೇ ಮಾಡಿಸ್ತಿದ್ದೆನಮ್ಮ..."

"ಬೇರೆ ಮಾಡಿಸಿ."

ಮೂವತ್ತು ವರ್ಷದಲ್ಲಿ ಕೊಕ್ಕರೆ ಯಾರಿಗೂ ಎದುರು ಮಾತಾಡಿದ್ದಿಲ್ಲ. ಮ್ಯಾನೇಜರು ಬೆಪ್ಪಾಗಿ ನನ್ನ ಕಡೆ ನೋಡಿದರು. "ನನ್ನ ಮುಖ ಯಾಕೆ ನೋಡ್ತೀರಾ? ಅವಳು ಹೇಳಿದ್ದು ಕೇಳಿಸಲಿಲ್ವಾ?" ಅಂದೆ. ಕೊನೆಗೆ, ಮೇಷ್ಟ್ರು ಒಂದು ಚೀಟಿ ಬರೆದು ಸಹಿ ಹಾಕಿಕೊಟ್ಟರೆ ಮಾಡಿಸ್ತೀನಿ ಅಂತ ಕೈ ತೊಳೆದುಕೊಂಡರು.

ಸಂಜೆ ಕೆಲಸ ಬಿಟ್ಟವರೇ ಮೇಷ್ಟ್ರ ಮನೆಗೆ ಹೋದೆವು. ಮೂರನೇ ಮಹಡಿ. ಹಾಸಿಗೆ ಒಂದು ಬಿಟ್ಟು ಎಲ್ಲ ಕಡೆ ಪುಸ್ತಕ. ಕುರ್ಚಿ ಮೇಲಿನ ಪುಸ್ತಕ ನೆಲಕ್ಕಿಳಿಸಿ ನಮ್ಮನ್ನು ಕೂರಿಸಿದರು. ಪ್ರೂಫ್ ನೋಡಿ, ಚೀಟಿ ಬರೆದು ಸಹಿ ಹಾಕಿದರು. "ನಿಮ್ಮ ಕಣ್ಣಿಗೆ ಬಿತ್ತಲ್ಲ, ನಾನು ಬದುಕಿದೆ ತಾಯಿ," ಅಂದರು. ಹೊರಡಬೇಕು. ಅಕ್ಕ ಏಳಲಿಲ್ಲ.

"ಮೇಷ್ಟ್ರೇ, ಇದು ಸಲ್ಲುತ್ತಾ?"

ಅವರು ಕೇಳೋ ಕಿವಿ ಇತ್ತ ತಿರುಗಿಸಿದರು. ಅಕ್ಕ ಇನ್ನೊಂದು ಸಲ ಕೇಳಿದಳು. ಮೇಷ್ಟ್ರು ಪಾಠ ಶುರು ಮಾಡಿದರು. ಈ ಬರಹವನ್ನು ಕೆಲವು ಸಭೆಗಳು ಬಹಳ ಗೌರವದಿಂದ ಓದುತ್ತಿದ್ದವಂತೆ, ಆಮೇಲೆ ಬೈಬಲಿನ ಪಟ್ಟಿ ಗಟ್ಟಿಯಾದಾಗ ಇದು ಹೊರಗೆ ಉಳಿಯಿತಂತೆ, ಇದಕ್ಕೆ ಆ ಅಧಿಕಾರ ಇಲ್ಲವಂತೆ, ಹಾಗಂತ ತಳ್ಳಿಹಾಕೋ ಹಾಗೂ ಇಲ್ಲವಂತೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನನಗೆ ರೇಗಿತು. "ಮೇಷ್ಟ್ರೇ, ಅವಳು ಪರೀಕ್ಷೆಗೆ ಕೇಳ್ತಿಲ್ಲ. ಅವಳ ಮಗೂದು ಕೇಳ್ತಿದ್ದಾಳೆ," ಅಂದುಬಿಟ್ಟೆ.

ಅವರು ಕನ್ನಡಕ ತೆಗೆದು ಕೆಳಗಿಟ್ಟರು. ಅಕ್ಕ ಫ್ಲಾಸ್ಕಿನ ವಿಷಯ ಹೇಳಿದಳು, ಅದೇ ಸ್ವರದಲ್ಲಿ. ಕಾಫಿ ವಾಸನೆಯನ್ನೂ ಬಿಡಲಿಲ್ಲ.

ಮೇಷ್ಟ್ರು ಪ್ರೂಫನ್ನು ಮುಂದಕ್ಕೆ ಎಳೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಹೇಳಿದರು, "ಬೈಬಲಿನಲ್ಲಿ ದೀಕ್ಷಾಸ್ನಾನ ಕೊಡಿ ಅಂತಿದೆ. ತಣ್ಣೀರೋ ಬಿಸಿನೀರೋ ಅಂತ ಎಲ್ಲೂ ಇಲ್ಲ ತಾಯಿ. ನಿಮ್ಮ ಟೀಚರಮ್ಮ ಹೇಳಿದ್ದೂ ಅಲ್ಲಿ ಇಲ್ಲ. ಈ ಬರಹದಲ್ಲಿ ಇದೆ. ಯಾಕಿದೆ? ಯಾರೋ ಕೇಳಿರಬೇಕಲ್ಲ. ಸುಮ್ಮಸುಮ್ಮನೆ ಯಾರು ಬರೀತಾರೆ ಇಂಥದ್ದನ್ನ? ಯಾವ ಊರಲ್ಲೋ, ಯಾರೋ ಇದ್ದ ನೀರು ಹಿಡ್ಕೊಂಡು ನಿಂತು ಕೇಳಿರಬೇಕು, ಇಷ್ಟೇ ಇರೋದು, ಬಿಸಿ ಇದೆ, ಆಗುತ್ತಾ ಅಂತ. ಅವರಿಗೆ ಆಗುತ್ತೆ ಅಂದಿದ್ದಾರೆ. ಆ ಕಾಲದಲ್ಲೇ ಅಂದಿದ್ದಾರೆ. ನಾನು ಹದಿನೆಂಟು ವರ್ಷ ಇದನ್ನ ಹಿಡ್ಕೊಂಡು ಕೂತದ್ದು ಇಂಥದ್ದಕ್ಕೇ. ಇದು ದೇವರ ಆಜ್ಞೆ ಅಂತ ನಾನು ಹೇಳಲ್ಲ. ಆದರೆ ಅವರು ಹೂಂ ಅಂದದ್ದಕ್ಕೆ ಇವತ್ತು ಉಹೂಂ ಅನ್ನೋಕೆ ಯಾವ ಪಾದ್ರಿಗೂ ಬಾಯಿಲ್ಲ."

"ಹಾಗಾದ್ರೆ ಸಲ್ಲುತ್ತೆ," ಅಂದಳು ಅಕ್ಕ.

"ಸಲ್ಲಿದೆ. ಅವತ್ತೇ ಸಲ್ಲಿದೆ."

ಅಕ್ಕ ಚೀಟಿ ಮಡಿಸಿ ಚೀಲಕ್ಕೆ ಹಾಕಿಕೊಂಡು, ಬರ್ತೀವಿ ಮೇಷ್ಟ್ರೇ ಅಂದಳು. ನಾನು ಮೆಟ್ಟಿಲು ಇಳಿಯೋವಾಗ ಮನಸ್ಸಿನಲ್ಲೇ ಬೀಗುತ್ತಿದ್ದೆ. ನಾನು ಬಾಯಿ ಹಾಕದಿದ್ದರೆ ಆ ಮಾತು ಬರುತ್ತಿತ್ತಾ? ಇನ್ನು ಇವಳು ಹಗುರಾಗುತ್ತಾಳೆ, ಗಂಡನಿಗೆ ಹೇಳುತ್ತಾಳೆ, ನಗುತ್ತಾಳೆ, ಜಗಳಕ್ಕಾದರೂ ಬರುತ್ತಾಳೆ ಅಂತೆಲ್ಲ ಲೆಕ್ಕ ಹಾಕಿದೆ. ಎರಡನೇ ಮಹಡಿಯ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅಕ್ಕ ಇಲ್ಲ. ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಹತ್ತಿ ಹೋಗಿ ಪಕ್ಕದಲ್ಲಿ ಕೂತೆ. ಯಾರದೋ ಮನೆಯಲ್ಲಿ ಪಾತ್ರೆ ತೊಳೆಯೋ ಸದ್ದು ಬರುತ್ತಿತ್ತು.

"ತಲೆ ಸುತ್ತುತ್ತಾ?"

"ಇಲ್ಲ." ಚೀಲವನ್ನು ಮಡಿಲಿಗೆ ಎಳೆದುಕೊಂಡು ಅಂದಳು, "ಇಷ್ಟು ವರ್ಷ ಆ ನೀರಿನದೇ ಯೋಚನೆ ಮಾಡಿದೆ ಕಣೇ. ಮಗು ಮುಖ ನೆನಪಾಗೋಕೆ ಮುಂಚೇನೇ ನೀರು ಬಂದುಬಿಡೋದು. ಆಯ್ತಾ, ಆಗಲಿಲ್ವಾ, ಆಯ್ತಾ, ಆಗಲಿಲ್ವಾ. ಅಳೋಕೂ ಬಿಡಲಿಲ್ಲ ಅದು. ಈಗ ನೀರಿನದು ಮುಗೀತು." ಎದುರಿನ ಗೋಡೆ ನೋಡುತ್ತಿದ್ದಳು. "ಮಗು ಹೋಗಿದ್ದು ಮಾತ್ರ ಉಳೀತು."

ಅವಳ ಬೆನ್ನ ಮೇಲೆ ಕೈ ಇಟ್ಟೆ.

"ಅವತ್ತು ನನ್ನ ಬಲಗೈಗೆ ಡ್ರಿಪ್ಪಿನ ಸೂಜಿ ಚುಚ್ಚಿ ಕಟ್ಟಿದ್ರು," ಅಂದಳು. "ಎಡಗೈ ಬೆರಳು ಮಗು ಹಿಡ್ಕೊಂಡಿತ್ತು. ಪಕ್ಕದಲ್ಲಿ ಮಲಗಿಸಿದಾಗಿಂದ ಹಿಡ್ಕೊಂಡೇ ಇತ್ತು. ಏನು ಗಟ್ಟಿ ಅಂತೀಯಾ. ಬಿಡ್ತಾನೇ ಇರಲಿಲ್ಲ."

"ಹೂಂ."

"ನಾನೇ ಬಿಡಿಸ್ಕೊಂಡೆ. ಒಂದೊಂದೇ ಬೆರಳು. ಫ್ಲಾಸ್ಕಿನ ಮುಚ್ಚಳ ತಿರುಗಿಸಬೇಕಿತ್ತಲ್ಲ. ನೀರು ಹೊಯ್ದು, ಹೇಳೋದೆಲ್ಲ ಹೇಳಿ, ಮತ್ತೆ ಬೆರಳು ಕೊಟ್ಟೆ ಕಣೇ. ಹಿಡ್ಕೊಳ್ಳಲಿಲ್ಲ."